ಕೊರಳು ನೋಡುವ ಸುಗಲಾಬಾಯಿ

ಆ ಚಳಿಗಾಲದಲ್ಲಿ ಗುರುವಾರ ಬಂತೆಂದರೆ ಸೊಲ್ಲಾಪುರ–ಅಕ್ಕಲಕೋಟ ನಡುವಿನ ಎಸ್.ಟಿ. ಬಸ್ಸುಗಳಲ್ಲಿ ಒಬ್ಬ ಹೆಂಗಸು ಜನರ ಕೊರಳು ನೋಡುತ್ತ ಕೂತಿರುತ್ತಿದ್ದಳು. ಮುಖ ನೋಡುತ್ತಿರಲಿಲ್ಲ, ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತಿರಲಿಲ್ಲ. ಕೊರಳು, ಅದರಲ್ಲೂ ತಾಯಂದಿರ ತೊಡೆಯ ಮೇಲೆ ಕೂತ ಕೂಸುಗಳ ಕೊರಳು. ಹಸಿರು ಇಳಕಲ್ ಸೀರೆ, ಹಣೆಗೆ ಒರೆಸಿದ ಭಂಡಾರದ ಅರಿಸಿನ, ತೊಡೆಯ ಮೇಲೊಂದು ಖಾಲಿ ಚೀಲ. ಕಂಡಕ್ಟರುಗಳಿಗೆ ಅವಳ ಗುರುತು ಹತ್ತಿತ್ತು. ಒಬ್ಬನಂತೂ ಅವಳನ್ನು ಸರಗಳ್ಳಿಯೆಂದೇ ತೀರ್ಮಾನಿಸಿ, ನಡುದಾರಿಯ ವಳಸಂಗದಲ್ಲಿ ಇಳಿಸಿ, ಇನ್ನೊಮ್ಮೆ ಕಂಡರೆ ಪೊಲೀಸರಿಗೆ ಕೊಡುತ್ತೇನೆಂದು ಗದರಿಸಿದ್ದ. ಅವಳು ಮುಂದಿನ ಬಸ್ಸು ಹತ್ತಿ ಮತ್ತೆ ಕೊರಳು ನೋಡುತ್ತ ಕೂತಳು. ನಿಜವಾದ ಕಳ್ಳಿಯಾಗಿದ್ದರೆ ಇಷ್ಟು ಬಹಿರಂಗವಾಗಿ ನೋಡುತ್ತಾಳೆಯೇ ಎಂದು ಆ ಕಂಡಕ್ಟರನಿಗೆ ಹೊಳೆಯಬೇಕಿತ್ತು. ಖಾಕಿ ಅಂಗಿ ತೊಟ್ಟವರಿಗೆ ಅಷ್ಟೆಲ್ಲ ಹೊಳೆಯುವುದು ಕಡಿಮೆ.

ಅವಳ ಹೆಸರು ಸುಗಲಾಬಾಯಿ. ಹುಟ್ಟಿದ್ದು ನಾಗಣಸೂರಿನ ಹತ್ತಿರದ ಕುರುಬರ ಮನೆಯಲ್ಲಿ. ಅಪ್ಪನಿಗೆ ದೊಡ್ಡ ಕುರಿ ಹಿಂಡು. ಹಿಂಡು ಹೊಲದಲ್ಲಿ ತಂಗಿದಾಗ ಸುತ್ತಲೂ ಕಟ್ಟುವ ಬಲೆಯನ್ನು ಅಪ್ಪ ತಾನೇ ಹೆಣೆಯುತ್ತಿದ್ದ. ಸೆಣಬನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ತೊಡೆಯ ಮೇಲೆ ಹೊಸೆದು ಹುರಿ ಮಾಡಿ, ಆ ಹುರಿಗೆ ಗಂಟಿನ ಮೇಲೆ ಗಂಟು ಹಾಕುವ ಕೆಲಸ. ಮಗಳು ಪಕ್ಕದಲ್ಲಿ ಕೂತು ನೋಡುತ್ತ ನೋಡುತ್ತ ಕಲಿತಳು. ಅಪ್ಪನ ಒಂದು ಗಂಟಿತ್ತು: ಯಾವ ಕಡೆಯಿಂದ ಕುರಿ ನೂಕಿದರೂ ಬಿಗಿಯುತ್ತಿತ್ತೇ ಹೊರತು ಬಿಚ್ಚುತ್ತಿರಲಿಲ್ಲ, ಆದರೆ ಒಳಗೆ ಮಡಚಿಟ್ಟ ಸಣ್ಣ ಬಾಲವೊಂದನ್ನು ಎಳೆದರೆ ಒಂದೇ ಸಲಕ್ಕೆ ಸಡಿಲಾಗಿ ಬಿದ್ದುಬಿಡುತ್ತಿತ್ತು. ಆ ಬಾಲ ಎಲ್ಲಿದೆಯೆಂಬುದು ಕಟ್ಟಿದವರಿಗೆ ಮಾತ್ರ ಗೊತ್ತು.

ಹಿಂಡಿನ ಮುಂದೆ ನಡೆಯುವ ಟಗರಿನ ಕೊರಳಿಗೆ ಅಪ್ಪ ಸೆಣಬಿನದೇ ಒಂದು ಪಟ್ಟಿ ಕಟ್ಟುತ್ತಿದ್ದ. ಅದರ ತುಂಬ ಗುಲಗಂಜಿ. ಕೆಂಪು ಕಾಳು, ತುದಿಗೊಂದು ಕಪ್ಪು ಚುಕ್ಕೆ. ಒಂದೊಂದು ಕಾಳಿಗೂ ಸಣ್ಣ ಹುರಿಯಿಂದ ಗೂಡು ಹೆಣೆದು, ಪಂಜರದಲ್ಲಿ ಗಿಳಿ ಕೂರಿಸಿದಂತೆ ಒಳಗೆ ಕೂರಿಸುತ್ತಿದ್ದ. ಇಷ್ಟು ಕಷ್ಟ ಯಾಕೆ, ತೂತು ಕೊರೆದು ಪೋಣಿಸಿದರೆ ಆಗದೇ ಎಂದು ಮಗಳು ಒಮ್ಮೆ ಕೇಳಿದ್ದಳು. ಅಪ್ಪ ಕೈಯಲ್ಲಿದ್ದ ಹುರಿ ಕೆಳಗಿಟ್ಟು ಅವಳ ಕಿವಿ ಹಿಡಿದಿದ್ದ.

"ಗುಲಗಂಜಿಗಿ ತೂತು ಹಾಕಬಾರ್ದು. ಅದು ಬೀರೋಬಾನ ಕಣ್ಣು. ಚುಚ್ಚಿದ್ರ ಮನಿ ಉಳಿಯಾಂಗಿಲ್ಲ."

ಅಷ್ಟೇ. ಮನೆದೇವರ ಹೆಸರು ಬಂದ ಮೇಲೆ ಯಾಕೆ, ಏನು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮದುವೆಯಾಗಿ ಸೊಲ್ಲಾಪುರಕ್ಕೆ ಬಂದ ಮೇಲೆ ಸುಗಲಾಬಾಯಿಯ ಬೆರಳುಗಳಿಗೆ ಕೆಲಸ ತಪ್ಪಿತು. ಅಕ್ಕಲಕೋಟ ರಸ್ತೆಯ ಬದಿಯ ಓಣಿ, ಬೆಳಗಿನಿಂದ ಸಂಜೆಯವರೆಗೆ ಪವರ್‌ಲೂಮಿನ ಖಟಖಟ. ಅಕ್ಕಪಕ್ಕದ ಹೆಂಗಸರೆಲ್ಲ ಬೀಡಿ ಕಟ್ಟುತ್ತಿದ್ದರು. ಇವಳಿಗೆ ತಂಬಾಕಿನ ವಾಸನೆ ಆಗಿಬರಲಿಲ್ಲ. ಟವೆಲ್ ಕಾರ್ಖಾನೆಯಲ್ಲಿ ಅಂಚು ಹೊಲಿದಳು, ಗಂಡನನ್ನು ಕಳೆದುಕೊಂಡಳು, ಮಗ ನಿಲೇಶನನ್ನು ಅದೇ ಕಾರ್ಖಾನೆಯ ಮಗ್ಗಕ್ಕೆ ಹಚ್ಚಿದಳು, ಸೊಸೆ ತಂದಳು. ಸೊಸೆ ಕಾಜಲ ಚುರುಕು ಹುಡುಗಿ. ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಯಾವುದೋ ದೇಶದ ಹೆಂಗಸರು ಸೆಣಬಿನ ಹುರಿಗೆ ಗಂಟು ಹಾಕಿ ಬಳೆ, ಸರ, ಕಿವಿಯೋಲೆ ಮಾಡುವುದನ್ನು ತೋರಿಸಿ, ಎಷ್ಟು ಚಂದ ನೋಡಿ ಎಂದಳು. ಸುಗಲಾಬಾಯಿ ನೋಡಿದಳು, ನಕ್ಕಳು. ಅದು ತನ್ನಪ್ಪನ ಕುರಿ ಬಲೆಯ ಗಂಟು.

ಅಂದಿನಿಂದ ಅತ್ತೆ-ಸೊಸೆ ಕೂಡಿ ಬಾಗಿಲ ಬೆಳಕಿನಲ್ಲಿ ಕೂತು ಕೆಲಸ ಶುರುಮಾಡಿದರು. ಕಾಜಲ ಹೊಸ ಹೊಸ ನಮೂನೆ ಹುಡುಕುವವಳು, ಸುಗಲಾಬಾಯಿ ಗಂಟು ಹಾಕುವವಳು. ಕಾಲ ಹೆಬ್ಬೆರಳಿಗೆ ಹುರಿ ಸಿಕ್ಕಿಸಿ, ಎರಡೂ ಕೈಯಿಂದ ಬಿಗಿಯುತ್ತ, ಬಾಯಲ್ಲಿ ಎಲೆಅಡಿಕೆ ಜಗಿಯುತ್ತ ಕೂತರೆ ಅವಳಿಗೆ ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ. ನವಿ ಪೇಠದಲ್ಲಿ ಅಂಗಡಿ ಇಟ್ಟಿದ್ದ ಅವಿನಾಶ ಮೊದಲು ಮೂಗು ಮುರಿದ, ಆಮೇಲೆ ಕೈಬಳೆ ತೂಗುಹಾಕಿದ, ಆಮೇಲೆ ಇನ್ನೂ ತನ್ನಿ ಎಂದ. ಪೇಠೆಯಲ್ಲಿ ನಡೆಯುವಾಗ ಕಾಲೇಜು ಹುಡುಗಿಯೊಬ್ಬಳ ಮುಂಗೈಯಲ್ಲಿ ತನ್ನ ಗಂಟು ಕಂಡ ದಿನ ಸುಗಲಾಬಾಯಿ ಮನೆಗೆ ಬಂದು ಹೋಳಿಗೆ ಮಾಡಿದಳು. ಬದುಕಿನಲ್ಲಿ ಮೊದಲ ಸಲ ಅವಳಿಗೆ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

ಹೆಮ್ಮೆಯ ಬೆನ್ನಿಗೇ ಅದು ಬಂತು. ದಸರೆಗೆ ಮುಂಚೆ ಅವಿನಾಶ ಹೇಳಿ ಕಳಿಸಿದ: ಕೂಸುಗಳಿಗೆ ದೃಷ್ಟಿ ತಾಗದಂತೆ ಹಾಕುವ ಸರ ಬೇಕು, ಕೆಂಪು-ಕಪ್ಪು ಇರಬೇಕು, ಹಳೆಯ ಕಾಲದ್ದು ಅನ್ನಿಸಬೇಕು, ಅಕ್ಕಲಕೋಟದಲ್ಲಿ ಭಕ್ತರಿಗೆ ಮಾರುವವನೊಬ್ಬ ರಾಶಿಗಟ್ಟಲೆ ಕೇಳಿದ್ದಾನೆ, ಹಬ್ಬದೊಳಗೆ ಕೊಡಬೇಕು. ಸುಗಲಾಬಾಯಿಗೆ ತಟ್ಟನೆ ಟಗರಿನ ಪಟ್ಟಿ ನೆನಪಾಯಿತು. ತವರಿನ ಬೇಲಿಯಿಂದ ಚೀಲದ ತುಂಬ ಗುಲಗಂಜಿ ತರಿಸಿದಳು. ಗೂಡು ಹೆಣೆದು ಒಂದು ಸರ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು. ಹೀಗಾದರೆ ಹಬ್ಬದೊಳಗೆ ಮುಗಿಯುವ ಮಾತೇ ಇರಲಿಲ್ಲ.

"ಅತ್ತಿ, ಒಂದೊಂದು ಕಾಳಿಗಿ ಗೂಡು ಹೆಣಕೋತ ಕೂತ್ರ ದಸರಾ ಬಂದು ಹೋಗ್ತದ," ಎಂದಳು ಕಾಜಲ. "ನೀರಾಗ ನೆನಿ ಹಾಕಿ, ಸೂಜಿ ಕಾಸಿ ತೂತು ಹಾಕೋಣಲ್ರಿ."

ಸುಗಲಾಬಾಯಿ ಆ ಮಾತಿಗೆ ಕೂಡಲೇ ಒಪ್ಪಲಿಲ್ಲ. ಇಡೀ ದಿನ ಮುಖ ಗಂಟುಹಾಕಿಕೊಂಡು ಓಡಾಡಿದಳು. ಅಪ್ಪನ ಮಾತು ಕಿವಿಯಲ್ಲಿತ್ತು, ಅವಿನಾಶನ ಮಾತೂ ಇತ್ತು. ಸತ್ತವನ ಮಾತಿಗಿಂತ ಬದುಕಿದ್ದವನ ಅವಸರಕ್ಕೆ ಬಲ ಜಾಸ್ತಿ. ಕಡೆಗೆ ಕಾಳು ನೆನೆಸಿದಳು, ಗ್ಯಾಸಿನ ಮೇಲೆ ದಬ್ಬಳ ಕಾಸಿದಳು. ಕಾಜಲ ಕೈ ಚಾಚಿದಾಗ ಮಾತ್ರ ದೂರ ತಳ್ಳಿದಳು.

"ನೀ ಮುಟ್ಟಬ್ಯಾಡ. ಬಂದದ್ದು ನನಗಽ ಬರ್ಲಿ."

ದಬ್ಬಳ ಇಳಿದಾಗ ಕಾಳು ಸಣ್ಣಗೆ ಚಿಟ್ ಎನ್ನುತ್ತಿತ್ತು, ಬಿಳಿ ಹಿಟ್ಟಿನಂಥದು ತೂತಿನ ಬಾಯಿಗೆ ಬರುತ್ತಿತ್ತು. ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಳೋ ಏನೋ, ಮರುದಿನ ಅವಳ ಕಣ್ಣು ಕೆಂಡದಂತೆ ಕೆಂಪಾಗಿ ಊದಿತು. ಸುಗಲಾಬಾಯಿಗೆ ಅದು ಅರ್ಥವಾಯಿತು, ತನ್ನ ರೀತಿಯಲ್ಲಿ: ಕಣ್ಣು ಚುಚ್ಚಿದವಳ ಕಣ್ಣನ್ನು ದೇವರು ಹಿಡಿದಿದ್ದಾನೆ. ಹೆದರಿದಳು, ಆದರೂ ಕೆಲಸ ನಿಲ್ಲಿಸಲಿಲ್ಲ. ಒಡೆದ ಕಾಳುಗಳನ್ನು ಕಾಯಿಪಲ್ಲೆ ಸಿಪ್ಪೆಯ ಜೊತೆ ಬಾಗಿಲಾಚೆ ಚೆಲ್ಲುತ್ತಿದ್ದಳು. ಎದುರು ಮನೆಯ ಆಡಿನ ಮರಿ ಅದನ್ನು ಮೇಯುತ್ತಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ಮರಿ ರಕ್ತ ಭೇದಿಯಾಗಿ, ಕಾಲು ಸೆಟೆದು, ಓಣಿಯ ನಡುವೆ ಸತ್ತು ಬಿತ್ತು.

ಕುರಿಗಳ ನಡುವೆ ಬೆಳೆದವಳು, ಮರಿ ಯಾಕೆ ಸತ್ತಿತು ಎಂದು ಅವಳೇ ಮೊದಲು ಕೇಳಬೇಕಿತ್ತು. ಕೇಳಲಿಲ್ಲ. ಅವಳ ಮನಸ್ಸಿಗೆ ಬದಲಿಗೆ ಸಮಾಧಾನವಾಯಿತು. ಬೀರೋಬಾ ಒಂದು ಮರಿ ತೆಗೆದುಕೊಂಡ, ಮನೆ ಬಿಟ್ಟ, ಲೆಕ್ಕ ಮುಗಿಯಿತು! ಎಂಥ ಸಮಾಧಾನ ಅದು.

ಆದರೂ ಅರೆಬರೆ ಮಾಡುವ ಹೆಣ್ಣಲ್ಲ ಅವಳು. ಸರಗಳನ್ನೆಲ್ಲ ಅವಿನಾಶನಿಗೆ ಮುಟ್ಟಿಸುವ ಮುಂಚೆ ಒಂದನ್ನು ತೆಗೆದಿಟ್ಟಳು. ದೇವರ ಜಗಲಿಯ ಬೀರೋಬಾನ ಮುಂದೆ ಇಟ್ಟು, ಕಾಯಿ ಒಡೆದು, ಭಂಡಾರ ಹಾರಿಸಿ, ತಪ್ಪಾಯಿತು ತಂದೆ ಎಂದು ಹಣೆ ಹಚ್ಚಿದಳು. ದೇವರ ಪಾದದಲ್ಲಿ ಒಂದು ದಿನ ಬಿಟ್ಟ ಆ ಸರವನ್ನು ಮರುದಿನ ಎತ್ತಿ, ಕಣ್ಣಿಗೊತ್ತಿಕೊಂಡು, ಕಾಜಲಳ ಕೂಸಿನ, ತನ್ನ ಮೊಮ್ಮಗಳ, ಕೊರಳಿಗೆ ಕಟ್ಟಿದಳು. ಸಿಟ್ಟಾದ ದೇವರು ತಿರುಗಿ ಬಂದರೂ ತನ್ನ ಭಂಡಾರವನ್ನೇ ಕಂಡು ಕೂಸನ್ನು ಬಿಟ್ಟುಹೋಗಲಿ ಎಂದು.

ಕೂಸಿಗೆ ಹಲ್ಲು ಬರುವ ಕಾಲ. ಸಿಕ್ಕಿದ್ದೆಲ್ಲ ಬಾಯಿಗೆ.

ದೊಡ್ಡ ದವಾಖಾನೆಯಲ್ಲಿ ಡಾಕ್ಟರು ಏನು ತಿಂದಿದೆ, ಏನು ಕುಡಿದಿದೆ ಎಂದು ಮತ್ತೆ ಮತ್ತೆ ಕೇಳಿದರು. ಕೂಸು ವಾಂತಿ ಮಾಡಿ ಮಾಡಿ ಅಳುವ ತ್ರಾಣವನ್ನೂ ಕಳೆದುಕೊಂಡಿತ್ತು. ಬಟ್ಟೆಯಲ್ಲಿ ರಕ್ತ. ಕಾಜಲ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ದೇವರಿಗೂ ತನಗೂ ಇರುವ ಮಾತನ್ನು ಡಾಕ್ಟರಿಗೆ ಹೇಳಿ ಏನು ಫಲ ಎಂದು ಸುಗಲಾಬಾಯಿ ತಿಳಿದಿದ್ದಳು. ನರ್ಸು ಕೂಸಿನ ಕೊರಳಿನ ಸರ ಬಿಚ್ಚಿಸಿ ಅವಳ ಕೈಗೆ ಕೊಟ್ಟಾಗ, ಕಾವಲು ತಪ್ಪಿತಲ್ಲ ಎಂದುಕೊಂಡಳು. ಸರವನ್ನು ಮುಷ್ಟಿಯಲ್ಲಿ ಹಿಡಿದು ವರಾಂಡದಲ್ಲಿ ಕೂತಳು. ಯಾರೂ ನೋಡದಾಗ ಮತ್ತೆ ಕಟ್ಟಬೇಕೆಂದು ಹೊಂಚುತ್ತಿದ್ದಳು.

ಕಟ್ಟುವುದಕ್ಕೆ ಮುಂಚೆ ಅವಳ ಅಣ್ಣ ಅಮೋಗಸಿದ್ಧ ಊರಿನಿಂದ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಭಂಡಾರದ ಪೊಟ್ಟಣ. ತಂಗಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳ ಮುಷ್ಟಿ ಬಿಡಿಸಿ ಸರ ನೋಡಿದ. ಕಾಳೊಂದನ್ನು ಉಗುರಿನಿಂದ ತಿರುವಿದ.

"ಸುಗಲಾ, ಇದಕ್ಕ ತೂತು ಯಾರು ಹಾಕ್ಯಾರ?"

ಅವಳು ಅಲ್ಲಿಯೇ ಒಡೆದುಹೋದಳು. ತಾನು ದೇವರ ಕಣ್ಣು ಚುಚ್ಚಿದ್ದು, ದೇವರು ಮರಿ ತಗೊಂಡದ್ದು, ಸಾಲದೆ ಈಗ ಕೂಸನ್ನು ಕೇಳುತ್ತಿರುವುದು, ಎಲ್ಲ ಹೇಳಿ ಅತ್ತಳು. ಅಮೋಗಸಿದ್ಧ ಸರವನ್ನು ಅವಳ ಕೈಯಿಂದ ಕಿತ್ತುಕೊಂಡ.

"ದೇವ್ರ ಸಿಟ್ಟಲ್ಲ ಇದು. ಇಷ. ಇಡೀ ಕಾಳು ನುಂಗಿದ್ರ ನುಂಗಿದಾಂಗ ಹೊರಗ ಬೀಳ್ತದ. ಸಿಪ್ಪಿ ಒಡೀತಂದ್ರ ಎತ್ತು ಸೈತ ಉಳಿಯಾಂಗಿಲ್ಲ."

"ಮತ್ತ ಅಪ್ಪ ಬೀರೋಬಾನ ಕಣ್ಣು ಅಂತ ಯಾಕ ಅಂತಿದ್ದ, ಯಣ್ಣಾ?"

"ಇಷ ಅಂದ್ರ ಯಾರರೆ ಒಬ್ಬರು ಪರೀಕ್ಷಾ ಮಾಡಿ ನೋಡ್ತಾರ. ದೇವ್ರ ಕಣ್ಣು ಅಂದ್ರ ಯಾರೂ ಮುಟ್ಟಂಗಿಲ್ಲ. ಅದಕ."

ಆತ ಎದ್ದು ಸರ ಹಿಡಿದುಕೊಂಡು ಡಾಕ್ಟರ ಹತ್ತಿರ ಓಡಿದ. ಸುಗಲಾಬಾಯಿ ಕೂತಲ್ಲೇ ಕೂತಿದ್ದಳು. ಮೊದಲು ಮೊಮ್ಮಗಳ ಮುಖ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಅವಿನಾಶನ ಅಂಗಡಿಗೆ ತಾನು ಹೊತ್ತುಕೊಂಡು ಹೋದ ತುಂಬಿದ ಚೀಲ. ಆ ಸರಗಳೆಲ್ಲ ಕೂಸುಗಳಿಗೆಂದೇ ಮಾಡಿದವು.

ಮೊಮ್ಮಗಳು ಉಳಿದಳು. ಬಹಳ ದಿನ ಹಿಡಿಯಿತು, ಆದರೂ ಉಳಿದಳು. ಮನೆಗೆ ಬಂದ ದಿನ ಸುಗಲಾಬಾಯಿ ಮಗನ ಮುಂದೆ ಚೀಲದ ಮಾತು ತೆಗೆದಳು. ಪೊಲೀಸರಿಗೆ ಹೇಳೋಣ, ಪೇಪರಿನಲ್ಲಿ ಹಾಕಿಸೋಣ ಎಂದಳು. ನಿಲೇಶ ಎದ್ದು ಬಾಗಿಲು ಹಾಕಿದ. ಕೆಟ್ಟವನಲ್ಲ ಅವನು, ಹೆದರಿದ್ದ.

"ಅವ್ವಾ, ಯಾರ ಮುಂದೂ ಬಾಯಿ ಬಿಡಬ್ಯಾಡ. ಕೇಸ ಆಯ್ತಂದ್ರ ನಿನ್ನೂ ಒಯ್ತಾರ, ಕಾಜಲನ್ನೂ ಒಯ್ತಾರ. ನಮ್ಮ ಕೂಸು ಉಳದದ, ಸಾಕು."

ಅವಿನಾಶನೂ ಬೇರೆ ಮಾತಾಡಲಿಲ್ಲ. ಅಂಗಡಿಯಲ್ಲಿ ಉಳಿದ ಒಂದಿಷ್ಟನ್ನು ಅವಳ ಚೀಲಕ್ಕೆ ತುರುಕಿ, ತನ್ನ ಹೆಸರು ಎಲ್ಲಿಯೂ ಬರಕೂಡದೆಂದು ಹೇಳಿ, ಹಿಂದಿನ ಬಾಗಿಲಿನಿಂದ ಕಳಿಸಿದ. ಉಳಿದದ್ದೆಲ್ಲ ಅಕ್ಕಲಕೋಟದವನ ಪಾಲಾಗಿತ್ತು. ಗುಡಿಯ ಹತ್ತಿರ ಗಾಡಿ ಹಚ್ಚುತ್ತಿದ್ದ ಆತನನ್ನು ಹುಡುಕಿ ಹೋದರೆ, ಎಲ್ಲ ಖರ್ಚಾಗಿದೆ, ಚಲೋ ಮಾಲು, ಇನ್ನೂ ಇದ್ದರೆ ಕೊಡಿ ಎಂದು ಹಲ್ಲು ಕಿರಿದ.

ಆ ಸರಗಳನ್ನು ತಾನೇ ಹುಡುಕಿ ತೆಗೆಯಬೇಕೆಂದು ಸುಗಲಾಬಾಯಿ ನಿಶ್ಚಯಿಸಿದ್ದು ಆವತ್ತು. ಭಕ್ತರು ಹೆಚ್ಚು ಬರುವುದು ಗುರುವಾರ. ಗುರುವಾರ ಅಡುಗೆ ಮುಗಿಸಿ, ತವರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತತೊಡಗಿದಳು. ಗುಡಿಯ ಸಾಲಿನಲ್ಲಿ, ಊಟದ ಪಂಕ್ತಿಯಲ್ಲಿ, ಸ್ಟ್ಯಾಂಡಿನಲ್ಲಿ, ಬಸ್ಸಿನಲ್ಲಿ ಕೂಸುಗಳ ಕೊರಳು ನೋಡಿದಳು. ಮೊದಲ ಸಲ ಒಂದು ಸರ ಕಂಡಾಗ ಕೈಮುಗಿದು ಬೇಡಿದಳು, ಅದು ಒಳ್ಳೆಯದಲ್ಲ ತಾಯಿ, ತೆಗೆದುಬಿಡು ಎಂದು. ಆ ತಾಯಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಗುಡಿಯ ಬಾಗಿಲಲ್ಲಿ ಕೊಂಡ ಸರವನ್ನು ಒಳ್ಳೆಯದಲ್ಲ ಎನ್ನುವ ಹೆಂಗಸಿನ ಕಣ್ಣೇ ಕೆಟ್ಟ ಕಣ್ಣು ಎಂದಳು. ಇಂಥವರಿಂದ ಕಾಪಾಡಲಿಕ್ಕೇ ತಾನೇ ಆ ಸರ! ಯಾಕೆ ಒಳ್ಳೆಯದಲ್ಲ ಎಂದು ಜನ ಸುತ್ತ ನೆರೆದು ಕೇಳಿದರು. ವಿಷ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನಿಲೇಶ ಬಾಗಿಲು ಹಾಕಿದ ಸದ್ದು ನೆನಪಾಗಿ ಅಲ್ಲೇ ನಿಂತಿತು. ಜನ ಅವಳನ್ನು ದೂಡಿ ಕಳಿಸಿದರು. ಆ ಕೂಸು ಏನಾಯಿತೋ ಅವಳಿಗೆ ಇಂದಿಗೂ ಗೊತ್ತಿಲ್ಲ. ಅನ್ನದ ತುತ್ತು ಎತ್ತಿದಾಗಲೆಲ್ಲ ಆ ಸೆರಗು ನೆನಪಾಗುತ್ತಿತ್ತು.

ಅಂದಿನಿಂದ ಬೇಡುವುದು ಬಿಟ್ಟಳು. ಕಂಡರೆ ಕದಿಯುವುದೇ ಸರಿ ಎಂದುಕೊಂಡಳು. ಕದಿಯಲಿಕ್ಕೆ ಅವಳಷ್ಟು ಅನುಕೂಲ ಯಾರಿಗಿದೆ? ಸರಗಳ ಕೊನೆಗೆ ಅವಳು ಹಾಕಿದ್ದು ಅಪ್ಪನ ಅದೇ ಗಂಟು, ಅದರ ಬಾಲ ಎಲ್ಲಿದೆ ಎಂಬುದು ಕಟ್ಟಿದವಳಿಗೆ ಗೊತ್ತು.

ಕಬ್ಬಿನ ಗಾಡಿಗಳು ರಸ್ತೆ ತುಂಬುವ ದಿನಗಳು. ಅಕ್ಕಲಕೋಟದಿಂದ ತಿರುಗಿ ಬರುವ ಬಸ್ಸಿನಲ್ಲಿ, ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ತೂಕಡಿಸುತ್ತಿದ್ದಾಗ, ಅವಳು ಕೂತ ಸೀಟಿನಲ್ಲೇ ಅದು ಕಂಡಿತು. ಪಕ್ಕದಲ್ಲಿ ಎಳೆಯ ತಾಯಿ, ಕಿಟಕಿಗೆ ತಲೆ ಆನಿಸಿ ನಿದ್ದೆ. ತೊಡೆಯ ಮೇಲೆ ಕೂಸು, ಮೈತುಂಬ ಕುಂಚಿಗೆ. ಕುಂಚಿಗೆಯ ಅಂಚಿನಿಂದ ಇಣುಕುವ ಸೆಣಬಿನ ಹುರಿ, ತನ್ನದೇ ಗಂಟು. ಕೂಸು ಎಚ್ಚರವಿತ್ತು. ಅವಳನ್ನೇ ನೋಡಿ, ಬೊಚ್ಚು ಬಾಯಿಯ ಎರಡು ಹೊಸ ಹಲ್ಲು ತೋರಿಸಿ ನಕ್ಕಿತು.

ಸುಗಲಾಬಾಯಿ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿದಳು. ಕುಂಭಾರಿ ಬರುವವರೆಗೆ ಕಾದಳು. ಬಸ್ಸು ನಿಂತು ನಾಲ್ಕು ಜನ ಏಳುವ ಗಲಾಟೆಯಲ್ಲಿ, ಕೂಸಿನ ಕೆನ್ನೆ ಸವರುವವಳಂತೆ ಕೈ ಚಾಚಿ, ಕುತ್ತಿಗೆಯ ಹಿಂದಿನ ಬಾಲ ಎಳೆದಳು. ಸರ ಅಂಗೈಗೆ ಬಿತ್ತು. ಇಳಿಯುವವರ ನಡುವೆ ನುಸುಳಿ ಇಳಿದೇಬಿಟ್ಟಳು. ಯಾರೂ ಕೂಗಲಿಲ್ಲ.

ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಂತು ಉಸಿರು ಬಿಟ್ಟಳು. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು. ಒಂದಾದರೂ ಸಿಕ್ಕಿತು, ಒಂದಾದರೂ ಕೂಸು ಉಳಿಯಿತು. ಆಗ ಅಂಗೈ ಒದ್ದೆಯಾಗಿರುವುದು ತಿಳಿಯಿತು. ಬೆವರಲ್ಲ, ಜೊಲ್ಲು. ಹುರಿ ಜೊಲ್ಲಿನಲ್ಲಿ ತೊಯ್ದು ತಣ್ಣಗಿತ್ತು. ಹೆಬ್ಬೆರಳಿನಿಂದ ಕಾಳು ಸವರುತ್ತ ಹೋದಳು. ನಡುವಿನ ಒಂದು ಕಾಳು ಅರ್ಧವೇ ಇತ್ತು. ಕೆಂಪು ಸಿಪ್ಪೆ ಸೀಳಿ, ಒಳಗಿನ ಬಿಳಿ ಭಾಗ ಜಗಿದುಹೋಗಿತ್ತು.

ಬಸ್ಸು ಇನ್ನೂ ಅಲ್ಲೇ ಇತ್ತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ತಿರುಗುತ್ತಿತ್ತು, ಡ್ರೈವರು ಹಾರ್ನ್ ಒತ್ತುತ್ತಿದ್ದ. ಸರವನ್ನು ಚರಂಡಿಗೆ ಒಗೆದು ಊರೊಳಗೆ ನಡೆದುಬಿಟ್ಟರೆ ಕೇಳುವವರಿರಲಿಲ್ಲ. ಕಾಜಲಳ ಮುಖ ಕಣ್ಣ ಮುಂದೆ ಬಂತು, ನಿಲೇಶನ ಮುಖ ಬಂತು. ದವಾಖಾನೆಯ ಗೋಡೆಗೆ ಹಣೆ ಒತ್ತಿ ನಿಂತಿದ್ದ ಕಾಜಲ. ಸುಗಲಾಬಾಯಿ ಸೀರೆ ಮೇಲೆತ್ತಿ ಓಡಿದಳು. ಬಸ್ಸಿನ ಮುಂದೆ ಹೋಗಿ, ಸರ ಹಿಡಿದ ಕೈ ಮೇಲೆತ್ತಿ ಅಡ್ಡ ನಿಂತಳು.

ಅಷ್ಟರಲ್ಲಿ ತಾಯಿಗೆ ಎಚ್ಚರವಾಗಿ, ಕೂಸಿನ ಕೊರಳು ಬರಿದಾದದ್ದು ಕಂಡು, ಕಿಟಕಿಯಿಂದ ಕಳ್ಳಿ ಕಳ್ಳಿ ಎಂದು ಕೂಗುತ್ತಿದ್ದಳು. ಕಂಡಕ್ಟರ್ ಹಾರಿ ಇಳಿದು ಅವಳ ರಟ್ಟೆ ಹಿಡಿದ. ವಳಸಂಗದಲ್ಲಿ ಇಳಿಸಿದ್ದವನೇ. ತನ್ನ ತೀರ್ಮಾನ ಸರಿಯಾಯಿತೆಂಬ ಸಂತೋಷ ಅವನ ಮುಖದಲ್ಲಿತ್ತು. ಜನ ಸುತ್ತುಗಟ್ಟಿದರು. ಸುಗಲಾಬಾಯಿ ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಒದರಿದಳು.

"ಹೌದ್ರಿ, ಕಳ್ಳಿ ನಾನಽ. ಈ ಸರ ಹೆಣದಾಕಿನೂ ನಾನಽ. ಇದರಾಗ ಇಷ ಐತಿ. ಮೊದ್ಲ ಕೂಸಿನ ಬಾಯಿ ನೋಡ್ರಿ, ದವಾಖಾನಿಗಿ ಒಯ್ರಿ, ಆಮ್ಯಾಲ ನನ್ನ ಪೊಲೀಸರಿಗಿ ಕೊಡ್ರಿ."

ಕಿಟಕಿಯಲ್ಲಿದ್ದ ತಾಯಿ ಅವಳ ಮುಖ ನೋಡಿದಳು, ಕೈಯಲ್ಲಿದ್ದ ಸರ ನೋಡಿದಳು. ಆಮೇಲೆ ನಗುತ್ತಲೇ ಇದ್ದ ಕೂಸಿನ ಬಾಯಿಗೆ ಬೆರಳು ಹಾಕಿ ಒಳಗೆಲ್ಲ ತಡವಿದಳು. ಹೊರಗೆ ಬಂದ ಬೆರಳ ತುದಿಗೆ ಕೆಂಪು ಸಿಪ್ಪೆಯ ಒಂದು ಚೂರು ಅಂಟಿಕೊಂಡಿತ್ತು.